ನಕಾಶೆ ಕಂಡ ದಾರಿ: ತುಮಕೂರಿನ ಸುತ್ತ ಬೆಟ್ಟ ಸುತ್ತುವವರಿಗೆ ಯಾವ ಮ್ಯಾಪ್?

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಭಾವಮೈದ ಕೇಳಿದ: "ಭಾವ, ಇಷ್ಟೊಂದು ಹಾಕ್ಕೊಂಡಿದೀರಲ್ಲ, ಇದ್ರಲ್ಲಿ ಯಾವ ಮ್ಯಾಪ್ ಒಳ್ಳೇದು? ಒಂದೇ ಮಾತಲ್ಲಿ ಹೇಳ್ಬಿಡಿ." ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗ, ಎಲ್ಲದಕ್ಕೂ ಒಂದೇ ಮಾತಿನ ಉತ್ತರ ಬೇಕು ಅವನಿಗೆ. ನನ್ನ ಫೋನಿನಲ್ಲಿ ಆಗ ಐದು ಮ್ಯಾಪ್ ಆ್ಯಪ್‌ಗಳಿದ್ದವು. ಇದೊಂದು ಕಾಯಿಲೆ ಎನ್ನುವುದು ನನ್ನ ಹೆಂಡತಿಯ ಅಭಿಪ್ರಾಯ.

"ಎಲ್ಲಿಗೆ ಹೋಗ್ತೀಯ ಅನ್ನೋದ್ರ ಮೇಲೆ ಕಣೋ" ಅಂದೆ.

"ಅದು ಉತ್ತರಾನಾ ಭಾವ?"

ಅವತ್ತು ನಾವು ಹೊರಟಿದ್ದು ಕೊರಟಗೆರೆ ಕಡೆಯ ಒಂದು ಗುಡ್ಡಕ್ಕೆ. ಹೆಸರು ಹೇಳುವಂಥ ಗುಡ್ಡವಲ್ಲ. ಮೇಲೊಂದು ಹಳೇ ಮಂಟಪ, ಬುಡದಲ್ಲೊಂದು ಮಾರಮ್ಮನ ಗುಡಿ. ಇವನ ಫೋನಿನ ಆ್ಯಪ್ ನಮ್ಮನ್ನು ಕೆರೆ ಏರಿ ಹತ್ತಿಸಿ, ಕೋಡಿ ದಾಟಿಸಿ, ಯಾರದೋ ಅಡಿಕೆ ತೋಟದ ಗೇಟಿನ ಮುಂದೆ ತಂದು ನಿಲ್ಲಿಸಿ, ಇನ್ನೂ ನೇರ ಹೋಗಿ ಅಂದಿತು. ಗೇಟಿಗೆ ಬೀಗ. ಒಳಗೆ ನಾಯಿ. ತೋಟದ ಆಚೆ ಗುಡ್ಡ ಕಣ್ಣೆದುರಿಗೇ ಕಾಣುತ್ತಿದೆ.

ನಾಯಿ ಬೊಗಳಿದ್ದಕ್ಕೆ ತೋಟದ ಯಜಮಾನರು ಬಂದರು. ಫೋನು ತೋರಿಸಿದೆವು. ಒಂದು ಕ್ಷಣ ನೋಡಿ, "ಇದು ನಕಾಶೆ ಕಂಡ ದಾರಿ ಅಲ್ಲ ಸ್ವಾಮಿ. ನಮ್ಮ ಟ್ರ್ಯಾಕ್ಟರ್ ಓಡಾಡಕ್ಕೆ ಅಂತ ನಾವೇ ಮಾಡ್ಕಂಡಿರೋದು" ಅಂದರು.

ಗ್ರಾಮ ನಕಾಶೆಯಲ್ಲಿ ಗುರುತಾಗಿರುವ, ಯಾರೂ ಬೇಲಿ ಹಾಕಿ ಮುಚ್ಚುವ ಹಾಗಿಲ್ಲದ ದಾರಿಗೆ ಹಳ್ಳಿಯವರೂ ಕಂದಾಯ ಇಲಾಖೆಯವರೂ ಹೇಳುವ ಮಾತು ಅದು. ಗಾಡಿ ತಿರುಗಿಸುವಾಗ ನನಗೆ ಹೊಳೆಯಿತು: ಭಾವಮೈದನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಯಾವ ದಾರಿಯನ್ನು ಯಾವ ನಕಾಶೆ ಕಂಡಿದೆ? ಕಾರು ಬೈಕಿನವರ ಫೋನುಗಳಿಂದ ಬೆಳೆದ ಮ್ಯಾಪಿಗೆ ಚಕ್ರ ಉರುಳುವ ಕಡೆಯೆಲ್ಲ ರಸ್ತೆ. ನಡೆಯುವವರು ಗೆರೆ ಎಳೆದ ಮ್ಯಾಪಿಗೆ ಕಾಲುದಾರಿ ಗೊತ್ತು. ಸರ್ವೆಯವರು ಚೈನು ಹಿಡಿದು ಅಳೆದದ್ದರಲ್ಲಿ ಗಡಿ ಗೊತ್ತು, ಗುಂಡಿ ಗೊತ್ತಿಲ್ಲ. ಮ್ಯಾಪ್ ಆರಿಸುವಾಗ ನಾನೀಗ ನೋಡುವುದು ಇಷ್ಟನ್ನೇ. ಪ್ರಯಾಣದ ಮೊದಲ ನಲವತ್ತು ಕಿಲೋಮೀಟರಿಗೆ ಯಾವುದಾದರೂ ನಡೆಯುತ್ತದೆ. ಕೊನೆಯ ಎರಡು ಕಿಲೋಮೀಟರ್ ಹೇಗಿದೆ ಎನ್ನುವುದರ ಮೇಲೆ ಆಯ್ಕೆ.

ಟವರ್ ಇಲ್ಲದಿದ್ದರೂ ಜಿಪಿಎಸ್ ಇದೆ

ಹೋಲಿಕೆಗೆ ಮುಂಚೆ ಒಂದು ತಪ್ಪು ತಿಳಿವಳಿಕೆ ಸರಿಮಾಡಬೇಕು. "ನೆಟ್‌ವರ್ಕ್ ಹೋಯ್ತು, ಇನ್ನು ಮ್ಯಾಪ್ ಕೆಲಸ ಮಾಡಲ್ಲ" ಎಂದು ಓದಿಕೊಂಡವರೂ ಹೇಳುತ್ತಾರೆ. ಜಿಪಿಎಸ್‌ಗೂ ನಿಮ್ಮ ಸಿಮ್‌ಗೂ ಸಂಬಂಧವಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಹೊತ್ತೆಷ್ಟು ಎಂದು ಸಾರುತ್ತಿರುತ್ತವೆ, ಫೋನು ಹಳೇ ಟ್ರಾನ್ಸಿಸ್ಟರ್ ರೇಡಿಯೋ ಹಾಗೆ ಸುಮ್ಮನೆ ಕೇಳಿಸಿಕೊಳ್ಳುತ್ತದೆ. ಯಾವ ಉಪಗ್ರಹದ ಮಾತು ಎಷ್ಟು ತಡವಾಗಿ ಬಂತು ಎಂಬುದರಿಂದ ದೂರ ಲೆಕ್ಕ ಹಾಕುತ್ತದೆ. ಕಡೇಪಕ್ಷ ನಾಲ್ಕು ಉಪಗ್ರಹ ಬೇಕು. ಮೂರು ಜಾಗಕ್ಕೆ, ಫೋನಿನ ಅಗ್ಗದ ಗಡಿಯಾರದ ತಪ್ಪನ್ನು ತಿದ್ದುವುದಕ್ಕೆ ನಾಲ್ಕನೆಯದು. ಒಂದು ಮೈಕ್ರೋಸೆಕೆಂಡ್ ತಪ್ಪಿದರೆ 300 ಮೀಟರ್ ತಪ್ಪಿದ ಹಾಗೆ.

ಇಲ್ಲಿ ಊರಿನ ಅಭಿಮಾನದ ಒಂದು ಮಾತು. ತುಮಕೂರು ಎಚ್‌ಎಂಟಿ ಕೈಗಡಿಯಾರ ಕಟ್ಟಿದ ಊರು. ಆ ಕಾರ್ಖಾನೆ ಮುಚ್ಚಿತು, ಜಾಗ ಇಸ್ರೋ ಪಾಲಾಯಿತು. ಜಿಪಿಎಸ್ ಥರವೇ ಜಾಗ ತಿಳಿಸುವ ಇಸ್ರೋದ ನಾವಿಕ್ ವ್ಯವಸ್ಥೆಯ ಕಥೆಯೂ ಗಡಿಯಾರದ್ದೇ. ಮೊದಮೊದಲು ಹಾರಿಸಿದ ಉಪಗ್ರಹಗಳಲ್ಲಿ ಕೆಲವದರ ವಿದೇಶಿ ಪರಮಾಣು ಗಡಿಯಾರಗಳು ಕೈಕೊಟ್ಟವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ನಮ್ಮಲ್ಲೇ ಮಾಡಿದ ರುಬಿಡಿಯಂ ಗಡಿಯಾರ ಇತ್ತು. ಹೊಸ ಫೋನು ಕೊಳ್ಳುವಾಗ "ನಾವಿಕ್ ಇದೆಯಾ" ಎಂದು ಕೇಳುವವರಿಗೆ ನಾನು ಹೇಳುವುದು: ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಅದೊಂದಕ್ಕಾಗಿ ಫೋನು ಬಿಡಬೇಡಿ. ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡೂ, ಎಲ್ಲವನ್ನೂ ಫೋನು ಒಟ್ಟಿಗೇ ಕೇಳಿಸಿಕೊಳ್ಳುತ್ತದೆ. ಜಿಪಿಎಸ್‌ಟೆಸ್ಟ್ ಎಂಬ ಪುಕ್ಕಟೆ ಆ್ಯಪ್ ಹಾಕಿಕೊಂಡು ಮನೆ ಮಾಳಿಗೆ ಮೇಲೆ ನಿಂತರೆ ಯಾವ ದೇಶದ್ದು ಎಷ್ಟು ಸಿಗುತ್ತಿವೆ ಎಂದು ಬಾವುಟದ ಸಮೇತ ಕಾಣುತ್ತದೆ. ನಾವಿಕ್‌ಗಿಂತ ಹೆಚ್ಚಾಗಿ ನೋಡಬೇಕಾದದ್ದು ಎಲ್5 ಎಂಬ ಎರಡನೇ ತರಂಗ ಫೋನಿಗೆ ಸಿಗುತ್ತದೆಯೇ ಎನ್ನುವುದನ್ನು. ಮಧುಗಿರಿಯಂಥ ಏಕಶಿಲೆಯ ಬುಡದಲ್ಲಿ ನಿಂತಾಗ ಸಿಗ್ನಲ್ ಬಂಡೆಗೆ ಬಡಿದು ಬರುತ್ತದೆ, ಮ್ಯಾಪಿನಲ್ಲಿ ನಮ್ಮ ಜಾಗ ತೋರಿಸುವ ಚುಕ್ಕೆ ಅತ್ತಿತ್ತ ಓಲಾಡುತ್ತದೆ. ಎಲ್5 ಇರುವ ಫೋನಿನಲ್ಲಿ ಈ ಓಲಾಟ ಕಡಿಮೆ.

ನೆಟ್ ಇದ್ದಾಗ ಆಗುವ ಲಾಭ ಬೇರೆ. ಯಾವ ಉಪಗ್ರಹ ಎಲ್ಲಿದೆ ಎಂಬ ಪಟ್ಟಿ ನೆಟ್‌ನಿಂದ ಬೇಗ ಬಂದು, ಚುಕ್ಕೆ ಕೆಲವೇ ಸೆಕೆಂಡಿನಲ್ಲಿ ಕೂರುತ್ತದೆ. ನೆಟ್ ಇಲ್ಲದಿದ್ದರೆ ಅದನ್ನೂ ಆಕಾಶದಿಂದಲೇ ಇಳಿಸಿಕೊಳ್ಳಬೇಕು, ನಿಮಿಷಗಟ್ಟಲೆ ಹಿಡಿಯಬಹುದು. ಅದಕ್ಕೇ ಬೆಟ್ಟದ ಬುಡದಲ್ಲಿ, ಟವರ್ ಇನ್ನೂ ಸಿಗುವಾಗಲೇ ಮ್ಯಾಪ್ ತೆರೆದು ಚುಕ್ಕೆ ಕೂರಿಸಿಕೊಂಡು ಹೊರಡುವುದು ವಾಸಿ. ಟವರ್ ಹೋದ ಮೇಲೆ ಇಲ್ಲವಾಗುವುದು ಚುಕ್ಕೆಯ ಹಿಂದಿನ ಚಿತ್ರ. ಆ ಚಿತ್ರವನ್ನು ಮನೆಯಲ್ಲೇ ಇಳಿಸಿಕೊಂಡಿದ್ದೀರಾ ಎಂಬುದೇ ಮುಂದಿನ ಪ್ರಶ್ನೆ.

ಚಕ್ರದವರ ಮ್ಯಾಪ್

ಗೂಗಲ್ ಮ್ಯಾಪ್ಸ್ ಬಗ್ಗೆ ಯಾರಿಗೂ ಪರಿಚಯ ಬೇಡ. ಇಡ್ಲಿ ಹೋಟೆಲು, ಪೆಟ್ರೋಲ್ ಬಂಕ್, ದೇವಸ್ಥಾನ ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತದೆ, ನೆಲಮಂಗಲದ ಹತ್ತಿರ ಗಾಡಿಗಳು ನಿಂತಿವೆಯಾ, ಇದನ್ನೆಲ್ಲ ಇದರ ಹಾಗೆ ಹೇಳುವುದು ಇನ್ನೊಂದಿಲ್ಲ. ಬೇಕಾದ ಪ್ರದೇಶಕ್ಕೆ ಚೌಕ ಎಳೆದು ಆಫ್‌ಲೈನ್ ಇಳಿಸಿಕೊಳ್ಳಬಹುದು. ಆದರೆ ಆಫ್‌ಲೈನ್ ಆದಾಗ ಏನು ಕಳೆದುಕೊಳ್ಳುತ್ತೀರಿ ಎಂದು ತಿಳಿದಿರಲಿ: ಗಾಡಿಯ ದಾರಿ ಹೇಳುತ್ತದೆ, ನಡಿಗೆಯ ದಾರಿ ಹೇಳುವುದಿಲ್ಲ. ಟ್ರಾಫಿಕ್ಕೂ ಇರುವುದಿಲ್ಲ. ಇಳಿಸಿಕೊಂಡ ಚೌಕಕ್ಕೆ ಅವಧಿ ಇರುತ್ತದೆ, ಆಗಾಗ ಹೊಸದು ಮಾಡಿಕೊಳ್ಳದಿದ್ದರೆ ಅಳಿದುಹೋಗುತ್ತದೆ. ಬೆಟ್ಟ ಹತ್ತುವವನಿಗೆ ಮೊದಲನೆಯದೇ ದೊಡ್ಡ ಕೊರತೆ. ಬುಡದವರೆಗೆ ಕರೆದುಕೊಂಡು ಹೋಗಿ ಕೈಬಿಡುವ ಆಟೋದವರ ಹಾಗೆ.

ಕನ್ನಡದಲ್ಲಿ ಹುಡುಕುವವರಿಗೆ ಇನ್ನೊಂದು ತಲೆನೋವು. ನಮ್ಮ ಕಡೆ ಹೊಸಹಳ್ಳಿ, ಗೊಲ್ಲರಹಟ್ಟಿ, ಪಾಳ್ಯ ಎಂಬ ಹೆಸರುಗಳಿಗೆ ಲೆಕ್ಕವಿಲ್ಲ. ಯಾವ ಆ್ಯಪ್ ಆದರೂ ಹೆಸರಿನ ಜೊತೆಗೆ ಹೋಬಳಿ ಹೆಸರು ಬರೆದು ಹುಡುಕುವುದನ್ನು ರೂಢಿ ಮಾಡಿಕೊಳ್ಳಿ. ಇಂಗ್ಲಿಷಿನಲ್ಲೂ ಊರಿನ ಹೆಸರು 2014ರ ನವೆಂಬರ್ 1ರಿಂದ ತುಮಕೂರು ಎಂದೇ ಆಗಿದ್ದರೂ ಅಂಗಡಿ ಬೋರ್ಡುಗಳಲ್ಲಿ, ವಿಳಾಸಗಳಲ್ಲಿ ಹಳೇ ಇಂಗ್ಲಿಷ್ ಕಾಗುಣಿತ ಇನ್ನೂ ಉಳಿದಿದೆ. ಒಂದರಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಹುಡುಕಿ.

ಮ್ಯಾಪ್ಲ್ಸ್ ನಮ್ಮ ದೇಶದ ಮ್ಯಾಪ್‌ಮೈಇಂಡಿಯಾ ಸಂಸ್ಥೆಯದು, 1995ರಿಂದ ನಕಾಶೆ ಮಾಡುತ್ತಿರುವವರು. ಫ್ಲೈಓವರ್ ಕೆಳಗೆ ಹೋಗಬೇಕೋ ಮೇಲೋ ಎಂದು ಚಿತ್ರ ತೋರಿಸುವುದು, ಮುಂದೆ ಹಂಪ್ ಇದೆ ಎಂದು ಎಚ್ಚರಿಸುವುದು ನನಗೆ ಇಷ್ಟ. ಸ್ಕೂಟರಿನ ಹಿಂದೆ ಅಮ್ಮನನ್ನು ಕೂರಿಸಿಕೊಂಡು ಹೋಗುವಾಗ ಹಂಪಿನ ಎಚ್ಚರಿಕೆ ಸಣ್ಣ ಉಪಕಾರವಲ್ಲ. ಇದೂ ರಸ್ತೆಯವರ ಮ್ಯಾಪೇ. ಬೆಟ್ಟದ ಪ್ರಶ್ನೆಗೆ ಇದರಲ್ಲಿ ಉತ್ತರ ಹುಡುಕಬೇಡಿ.

ಕಾಲಿನವರ ಮ್ಯಾಪ್

2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬುದು ಆ್ಯಪ್ ಅಲ್ಲ, ನಕಾಶೆಯ ಉಗ್ರಾಣ. ಯಾರು ಬೇಕಾದರೂ ಖಾತೆ ತೆರೆದು ತಮ್ಮೂರಿನ ಓಣಿ, ಬಾವಿ, ಅರಳಿಕಟ್ಟೆ ಸೇರಿಸಬಹುದು. ಯಾರು, ಯಾವತ್ತು ಸೇರಿಸಿದರು ಎಂಬುದು ಪ್ರತಿ ಗೆರೆಯ ಹಿಂದೆಯೂ ದಾಖಲಾಗಿರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬರುತ್ತೇನೆ. ಈ ಉಗ್ರಾಣದಿಂದ ಬಡಿಸುವ ಎರಡು ಆ್ಯಪ್‌ಗಳ ನಡುವೆಯೇ ನಿಜವಾದ ಆಯ್ಕೆ ಇರುವುದು: ಆರ್ಗ್ಯಾನಿಕ್ ಮ್ಯಾಪ್ಸ್ ಮತ್ತು ಓಸ್ಮ್‌ಆ್ಯಂಡ್. ಎರಡಕ್ಕೂ ನೆಟ್ ಬೇಕಾಗುವುದು ನಕಾಶೆ ಇಳಿಸಿಕೊಳ್ಳುವಾಗ ಮಾತ್ರ. ಎರಡೂ ಆಫ್‌ಲೈನಿನಲ್ಲೇ ನಡಿಗೆಯ ದಾರಿ ಹೇಳುತ್ತವೆ. ಯಾರಾದರೂ ಕನ್ನಡದಲ್ಲಿ ಹೆಸರು ಸೇರಿಸಿದ್ದರೆ ಕನ್ನಡದಲ್ಲೇ ತೋರಿಸುತ್ತವೆ.

ಆರ್ಗ್ಯಾನಿಕ್ ಮ್ಯಾಪ್ಸ್ 2021ರಲ್ಲಿ ಬಂದದ್ದು. ಜಾಹೀರಾತಿಲ್ಲ, ಖಾತೆ ತೆರೆಯಬೇಕಿಲ್ಲ. ತೆರೆದರೆ ತಟ್ಟನೆ ತೆರೆಯುತ್ತದೆ, ಹಳೇ ಫೋನಿನಲ್ಲೂ ಏದುಸಿರು ಬಿಡುವುದಿಲ್ಲ. ಎತ್ತರದ ಗೆರೆಗಳನ್ನು ಕಾಸಿಲ್ಲದೆ ತೋರಿಸುತ್ತದೆ. ಗೆರೆಗಳು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರದೂರವಿದ್ದರೆ ಸಲೀಸು, ಇಷ್ಟು ಗೊತ್ತಿದ್ದರೆ ಸಾಕು. ನನ್ನ ತಂಗಿಗೆ, ಸಹೋದ್ಯೋಗಿಗಳಿಗೆ, ಬೆಟ್ಟಕ್ಕೆ ಹೊಸದಾಗಿ ಹೊರಟವರಿಗೆ ಕಣ್ಣುಮುಚ್ಚಿ ಹೇಳುವುದು ಇದನ್ನೇ.

ಓಸ್ಮ್‌ಆ್ಯಂಡ್ ಇನ್ನೂ ಹಳಬ, 2010ರಿಂದ ಇದೆ. ಇದರ ಸೆಟ್ಟಿಂಗ್ಸ್ ಒಳಗೆ ಹೊಕ್ಕರೆ ಹೊರಗೆ ಬರಲು ಇನ್ನೊಂದು ಮ್ಯಾಪ್ ಬೇಕು. ಪ್ಲೇಸ್ಟೋರಿನ ಉಚಿತ ಆವೃತ್ತಿಯಲ್ಲಿ ಎಷ್ಟು ನಕಾಶೆ ಇಳಿಸಿಕೊಳ್ಳಬಹುದು ಎಂಬುದಕ್ಕೆ ಮಿತಿ ಇದೆ. ಎಫ್-ಡ್ರಾಯ್ಡ್ ಎಂಬ ಇನ್ನೊಂದು ಆ್ಯಪ್ ಅಂಗಡಿಯಿಂದ ಹಾಕಿಕೊಂಡರೆ ಆ ಮಿತಿ ಇಲ್ಲ. ಇಷ್ಟೆಲ್ಲ ಗೋಳಾಡಿಯೂ ನನ್ನ ಫೋನಿನ ಮೊದಲ ಪುಟದಲ್ಲಿ ಇರುವುದು ಇದೇ. ಕಾರಣ, ನಡೆದ ದಾರಿಯನ್ನು ಬರೆದಿಟ್ಟುಕೊಳ್ಳುವುದರಲ್ಲಿ ಇದರ ಅಚ್ಚುಕಟ್ಟು. ಹೊರಡುವಾಗ ರೆಕಾರ್ಡ್ ಒತ್ತಿ ಜೇಬಿಗಿಟ್ಟರೆ ಮುಗಿಯಿತು. ದಾರಿ ತಪ್ಪಿದೆ ಅನ್ನಿಸಿದ ಕೂಡಲೇ ಬಂದ ಗೆರೆ ಹಿಡಿದು ಹಿಂದಕ್ಕೆ ನಡೆಯಬಹುದು. ಬಂದ ದಾರಿಗೆ ಸುಂಕವಿಲ್ಲ ಎಂಬ ಗಾದೆ ಯಾರೋ ಇಂಥ ಮುಳ್ಳುಪೊದೆಯಲ್ಲೇ ಸಿಕ್ಕಿಕೊಂಡು ಕಟ್ಟಿದ್ದಿರಬೇಕು. ದಾರಿ ರೆಕಾರ್ಡ್ ಮಾಡುವುದು ಈಗ ಆರ್ಗ್ಯಾನಿಕ್‌ನಲ್ಲೂ ಇದೆ, ಆದರೆ ಎಷ್ಟು ಮೀಟರಿಗೊಮ್ಮೆ ಗುರುತು ಹಾಕಬೇಕು, ಯಾವ ಗುರುತನ್ನು ನಂಬಬಾರದು ಎಂದೆಲ್ಲ ನಿಗದಿ ಮಾಡುವ ಚಟ ಇರುವವರಿಗೆ ಓಸ್ಮ್‌ಆ್ಯಂಡೇ ಸರಿ.

ಪಾವಗಡಕ್ಕೆ ಹೋಗುವವರಿಗೆ ಒಂದು ಕಿವಿಮಾತು. ಈ ಆ್ಯಪ್‌ಗಳು ನಕಾಶೆಯನ್ನು ರಾಜ್ಯದ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತವೆ. ಪಾವಗಡ ತಾಲ್ಲೂಕನ್ನು ಹೆಚ್ಚೂಕಡಿಮೆ ಎಲ್ಲ ಕಡೆಯಿಂದಲೂ ಆಂಧ್ರ ಸುತ್ತುವರಿದಿದೆ. ಬರೀ ಕರ್ನಾಟಕ ಇಳಿಸಿಕೊಂಡು ಸೋಲಾರ್ ಪಾರ್ಕ್ ನೋಡಲು ಹೊರಟವರ ಫೋನಿನಲ್ಲಿ ದಾರಿ ನಡುವೆ ಖಾಲಿ ಬಿಳಿ ಕಾಣಿಸಿಕೊಳ್ಳುತ್ತದೆ. ಆಂಧ್ರದ ತುಂಡನ್ನೂ ಇಳಿಸಿಕೊಳ್ಳಿ. ಗೂಗಲ್ಲಿನ ಚೌಕಕ್ಕೆ ಈ ರಾಜ್ಯದ ಗಡಿಯ ಹಂಗಿಲ್ಲ.

ಓಪನ್‌ಸ್ಟ್ರೀಟ್‌ಮ್ಯಾಪಿನ ದೌರ್ಬಲ್ಯವನ್ನೂ ಹೇಳಬೇಕು. ಗೆರೆ ಎಳೆಯುವವರು ಇರುವ ಕಡೆ ಮಾತ್ರ ನಕಾಶೆ ತುಂಬಿರುತ್ತದೆ. ಬೆಂಗಳೂರಿನಿಂದ ಭಾನುವಾರ ಜನ ಬರುವ ಬೆಟ್ಟಗಳಲ್ಲಿ ಮೆಟ್ಟಿಲು, ನೀರಿನ ನಲ್ಲಿಯವರೆಗೂ ಗುರುತು ಸಿಗಬಹುದು. ಪಕ್ಕದ ಹೆಸರಿಲ್ಲದ ಗುಡ್ಡಕ್ಕೆ ಹೋದರೆ ಬರೀ ಹಸಿರು ಬಣ್ಣ. ಒಬ್ಬನೇ ಒಬ್ಬ ಎಳೆದ ಗೆರೆಗೂ ನೂರು ಜನ ನಡೆದ ಗೆರೆಗೂ ಪರದೆ ಮೇಲೆ ವ್ಯತ್ಯಾಸ ಕಾಣುವುದಿಲ್ಲ.

ಸರ್ಕಾರದ ಎರಡು ನಕಾಶೆ

1767ರಲ್ಲಿ ಶುರುವಾದ ಸರ್ವೆ ಆಫ್ ಇಂಡಿಯಾದ ಹಾಳೆಗಳನ್ನು ಈಗಿನ ಹುಡುಗರು ನೋಡಿಯೇ ಇಲ್ಲ. 1:50,000 ಪ್ರಮಾಣದ ಹಾಳೆಗಳನ್ನು ಅವರ ತಾಣದಲ್ಲಿ ನೋಂದಾಯಿಸಿಕೊಂಡು ಪುಕ್ಕಟೆ ಪಿಡಿಎಫ್ ಇಳಿಸಿಕೊಳ್ಳಬಹುದು. ಹಾಳೆಯ ಮೇಲಿನ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ 500 ಮೀಟರ್. ಹಳೇ ಸಂಖ್ಯೆಯ ಪ್ರಕಾರ ತುಮಕೂರು, ದೇವರಾಯನದುರ್ಗ 57 ಜಿ/3ರಲ್ಲಿ ಬರುತ್ತವೆ, ಮಧುಗಿರಿ ಅದರ ಮೇಲಿನ 57 ಜಿ/2ರಲ್ಲಿ. ಜೆರಾಕ್ಸ್ ಅಂಗಡಿಯಲ್ಲಿ ಎ3 ಅಳತೆಯಲ್ಲಿ ಪ್ರಿಂಟ್ ತೆಗೆಸಿ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡರೆ ಚಾರ್ಜ್ ಮುಗಿಯದ ಮ್ಯಾಪ್ ಸಿದ್ಧ. ಇದರಲ್ಲಿ ಬೆಟ್ಟದ ಮೈಕಟ್ಟು, ಹಳ್ಳ, ಕೆರೆ, ಗುಡಿ ಎಲ್ಲ ನಂಬುವಂತಿರುತ್ತವೆ. ರಸ್ತೆ ಮಾತ್ರ ಹಳೆಯದು. ದೇವರಾಯನದುರ್ಗದ ಹಾಳೆಯನ್ನು ಮೇಜಿನ ಮೇಲೆ ಹರಡಿ ಜಯಮಂಗಲಿ ಒಂದು ಕಡೆಗೆ, ಶಿಂಷಾ ಇನ್ನೊಂದು ಕಡೆಗೆ ಹರಿದು ಹೋಗುವುದನ್ನು ಬೆರಳಲ್ಲಿ ಹಿಂಬಾಲಿಸುವ ಸುಖವೇ ಬೇರೆ. ಒಂದು ನೀರು ಉತ್ತರ ಪಿನಾಕಿನಿಗೆ, ಇನ್ನೊಂದು ಕಾವೇರಿಗೆ. ಐದಿಂಚಿನ ಪರದೆಯಲ್ಲಿ ಇದು ಒಟ್ಟಿಗೆ ಕಾಣುವುದಿಲ್ಲ.

ಇನ್ನೊಂದು ದಿಶಾಂಕ್, ನಮ್ಮ ರಾಜ್ಯದ ಭೂಮಾಪನ ಇಲಾಖೆಯ ಆ್ಯಪ್. ನಿಂತ ಜಾಗದ ಸರ್ವೆ ನಂಬರ್, ಗ್ರಾಮ, ಹೋಬಳಿ ತೋರಿಸುತ್ತದೆ. ಜಮೀನು ಕೊಳ್ಳುವವರು, ಬಾಂದು ಕಲ್ಲು ಹುಡುಕುವವರು ಬಳಸುವುದೇ ಹೆಚ್ಚು. ತಿರುಗಾಟಕ್ಕೆ ಯಾಕೆ ಅನ್ನಬಹುದು. ತೋಟದ ಯಜಮಾನರ ಮಾತು ಕೇಳಿದ ಮೇಲೆ ನಾನೂ ಹಾಕಿಕೊಂಡೆ. ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ಕೂತು, ನಾನು ಹೋಗಬೇಕೆಂದಿರುವ ದಾರಿ ಯಾರದಾದರೂ ಪಹಣಿಯ ನಡುವೆ ಹಾದುಹೋಗುತ್ತದೆಯಾ ಎಂದು ನೋಡಿಕೊಳ್ಳುತ್ತೇನೆ. ಬೆಟ್ಟದ ಮೇಲೆ ಇದನ್ನು ನೆಚ್ಚಿಕೊಳ್ಳಬೇಡಿ, ನೆಟ್ ಕೇಳುತ್ತದೆ. ಕಾನೂನು ಪ್ರಕಾರದ ಅಳತೆಗೂ ಇದು ಸಾಕ್ಷಿಯಲ್ಲ, ಅದಕ್ಕೆ ಸರ್ವೆಯರನ್ನೇ ಕರೆಸಬೇಕು.

ಫೋನೋ, ವಾಚೋ, ಬೇರೆ ಸಾಧನವೋ

ಬೆಲೆ ಕಡಿಮೆಯ ಸ್ಮಾರ್ಟ್‌ವಾಚ್ ಡಬ್ಬಿಯ ಮೇಲೆ ಜಿಪಿಎಸ್ ಎಂದು ಬರೆದಿದ್ದರೆ ಕಣ್ಣರಳಿಸಿ ಓದಿ. ಎಷ್ಟೋ ವಾಚುಗಳು ಫೋನಿನ ಜಿಪಿಎಸ್ ಅನ್ನೇ ಎರವಲು ಪಡೆಯುತ್ತವೆ. ಫೋನು ಸತ್ತರೆ ಅದೂ ಸತ್ತ ಹಾಗೆ. ವಾಚಿನಲ್ಲೇ ಜಿಪಿಎಸ್ ಇರುವುದು ಓಡುವವರಿಗೆ ಒಳ್ಳೆಯದು. ಬೆಟ್ಟಕ್ಕೆ ವಾಚು ಕೊಳ್ಳುವುದಾದರೆ ಒಳಗೆ ನಕಾಶೆ ತುಂಬಿಸಬಹುದಾದದ್ದನ್ನೇ ಕೊಳ್ಳಬೇಕು, ಅದರ ಬೆಲೆ ನೋಡಿದರೆ ಏರು ಹತ್ತದೆಯೇ ಎದೆ ಹೊಡೆದುಕೊಳ್ಳುತ್ತದೆ. ಕೈಯಲ್ಲಿ ಹಿಡಿಯುವ ಗಾರ್ಮಿನ್ ಇಟ್ರೆಕ್ಸ್ ಥರದವು ಎರಡು ಎಎ ಸೆಲ್ಲಿನ ಮೇಲೆ ನಡೆಯುತ್ತವೆ, ಮಳೆಗೆ ಹೆದರುವುದಿಲ್ಲ. ವಾರಗಟ್ಟಲೆ ಕಾಡಿನಲ್ಲಿ ಇರುವವರಿಗೆ ಸರಿ. ನಮ್ಮ ಅರ್ಧ ದಿನದ ಬೆಟ್ಟಕ್ಕೆ ಅದು ಮದುವೆಮನೆ ಹಂಡೆಯಲ್ಲಿ ಒಬ್ಬನಿಗೆ ಕಾಫಿ ಕಾಸಿದ ಹಾಗೆ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವನ್ನು ಅಮೆರಿಕದಲ್ಲಿರುವ ನೆಂಟರು ತಂದುಕೊಡುತ್ತೇನೆ ಎಂದರೆ ಬೇಡ ಅನ್ನಿ. ದೂರಸಂಪರ್ಕ ಇಲಾಖೆಯ ಪರವಾನಗಿ ಇಲ್ಲದೆ ಅದನ್ನು ಇಲ್ಲಿ ಇಟ್ಟುಕೊಳ್ಳುವುದು ಅಪರಾಧ.

ಹಾಗಾಗಿ ಫೋನೇ. ಅದನ್ನು ಉಳಿಸಿಕೊಳ್ಳುವುದು ಹೇಗೆ ಎನ್ನುವುದು ಮುಖ್ಯ. ಕಾಡಿನಲ್ಲಿ ಬ್ಯಾಟರಿ ತಿನ್ನುವುದು ಜಿಪಿಎಸ್ ಎಂದು ಅಂದುಕೊಳ್ಳುತ್ತೇವೆ. ಅದಕ್ಕಿಂತ ದೊಡ್ಡ ಹೊಟ್ಟೆಬಾಕರು ಇಬ್ಬರು: ಬೆಳಗುವ ಪರದೆ, ಮತ್ತು ಸಿಗದ ಟವರಿಗಾಗಿ ಜೋರಾಗಿ ಕೂಗುತ್ತಲೇ ಇರುವ ರೇಡಿಯೋ. ಸಿಗ್ನಲ್ ಹೋದ ಕೂಡಲೇ ಏರೋಪ್ಲೇನ್ ಮೋಡ್ ಹಾಕಿ. ಹೆಚ್ಚಿನ ಫೋನುಗಳಲ್ಲಿ ಆಗಲೂ ಜಿಪಿಎಸ್ ನಡೆಯುತ್ತಿರುತ್ತದೆ, ರೆಕಾರ್ಡಿಂಗೂ ನಿಲ್ಲುವುದಿಲ್ಲ. ನಿಮ್ಮ ಫೋನಿನಲ್ಲಿ ಹೇಗೆ ಎಂದು ಮನೆಯ ಮಾಳಿಗೆ ಮೇಲೆ ಒಮ್ಮೆ ಪರೀಕ್ಷೆ ಮಾಡಿ. ಪವರ್ ಬ್ಯಾಂಕ್ ಮೇಲೆ 10,000 ಎಂಎಎಚ್ ಎಂದಿದ್ದರೆ ಅಷ್ಟೂ ಫೋನಿಗೆ ಬರುವುದಿಲ್ಲ. ಆ ಲೆಕ್ಕ ಒಳಗಿನ 3.7 ವೋಲ್ಟಿನ ಸೆಲ್ಲಿನದು. 5 ವೋಲ್ಟಿಗೆ ಏರಿಸುವಾಗ ಸೋರಿ, ಕೈಗೆ ಸಿಗುವುದು ಸುಮಾರು 6,000. ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ಅದನ್ನೂ ಬರೆದಿರುತ್ತಾರೆ.

ಎತ್ತರದ ವಿಷಯಕ್ಕೆ ಸ್ನೇಹಿತರೊಂದಿಗೆ ನಾನು ಪಂದ್ಯ ಕಟ್ಟಿ ಗೆದ್ದಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ. ಬೆಟ್ಟದ ತುದಿಯಲ್ಲಿ ಒಬ್ಬೊಬ್ಬರ ಫೋನು ಒಂದೊಂದು ಎತ್ತರ ಹೇಳುತ್ತದೆ, ಕೆಲವೊಮ್ಮೆ 80 ಮೀಟರಿಗೂ ಮಿಕ್ಕಿ ವ್ಯತ್ಯಾಸ. ಫೋನು ಕೆಟ್ಟಿಲ್ಲ. ಜಿಪಿಎಸ್ ಅಳೆಯುವುದು ಗಣಿತದ ಒಂದು ನಯವಾದ ಮೊಟ್ಟೆಯಾಕಾರದಿಂದ, ನಾವು ಹೇಳುವುದು ಸಮುದ್ರ ಮಟ್ಟದಿಂದ. ದಕ್ಷಿಣ ಭಾರತದ ಕೆಳಗೆ ಹಿಂದೂ ಮಹಾಸಾಗರದಲ್ಲಿ ಭೂಮಿಯ ಗುರುತ್ವ ತೀರಾ ಸೊರಗಿದ ಜಾಗವಿದೆ. ಅಲ್ಲಿ ಸಮುದ್ರ ಮಟ್ಟ ಆ ಲೆಕ್ಕದ ಮೊಟ್ಟೆಗಿಂತ ನೂರು ಮೀಟರಿಗೂ ಹೆಚ್ಚು ಕುಸಿದಿದೆ, ನಮ್ಮ ಕಡೆ ಎಂಬತ್ತಕ್ಕೂ ಹೆಚ್ಚು. ಈ ವ್ಯತ್ಯಾಸ ತಿದ್ದದ ಆ್ಯಪ್ ದೇವರಾಯನದುರ್ಗವನ್ನು ಅಷ್ಟು ಕುಳ್ಳ ಮಾಡಿ ತೋರಿಸುತ್ತದೆ.

ಜೊತೆಯವರಿಗೆ ಜಾಗ ತಿಳಿಸುವ ಬಗ್ಗೆ. ವಾಟ್ಸಾಪಿನ ಲೈವ್ ಲೊಕೇಶನ್ ಮನೆಯವರ ಸಮಾಧಾನಕ್ಕೆ ಚೆನ್ನ, ನೆಟ್ ಹೋದ ಕಡೆ ಅಲ್ಲಿಗೇ ನಿಲ್ಲುತ್ತದೆ. ತೆಳ್ಳನೆ ಸಿಗ್ನಲ್ಲಿನಲ್ಲೂ ಹೋಗುವುದು ಎಸ್ಸೆಮ್ಮೆಸ್. ಅಕ್ಷಾಂಶ ರೇಖಾಂಶಗಳನ್ನು ನಾಲ್ಕು ದಶಮಾಂಶದವರೆಗೆ ಬರೆದರೆ ಸುಮಾರು 11 ಮೀಟರ್ ಒಳಗೆ ಜಾಗ ಗೊತ್ತಾಗುತ್ತದೆ. ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ಹತ್ತೇ ಅಕ್ಷರದಲ್ಲಿ ನಾಲ್ಕು ಮೀಟರ್ ಚೌಕವನ್ನು ಹೇಳುತ್ತದೆ, ಆದರೆ ಹಳ್ಳಿಯಲ್ಲಿ ಅದನ್ನು ಬಿಡಿಸಿ ಓದುವವರು ಇನ್ನೂ ಸಿಕ್ಕಿಲ್ಲ. ಅವಘಡವಾದರೆ 112.

ಎಲ್ಲಿಗೆ ಯಾವುದು

ನಾಮದ ಚಿಲುಮೆ, ದೇವರಾಯನದುರ್ಗ, ಬಸದಿ ಬೆಟ್ಟ, ಕಗ್ಗಲಡುವಿನ ಹುಣಸೆ ಮರದ ಕೊಕ್ಕರೆ: ಮನೆಮಂದಿಯೆಲ್ಲ ಕಾರಿನಲ್ಲಿ ಹೋಗುವ ಜಾಗಗಳು. ಗೂಗಲ್ ಸಾಕು, ಉಳಿದದ್ದೆಲ್ಲ ಚಪಲ. ಮಧುಗಿರಿ ಕೋಟೆಗೆ ದಾರಿ ತಪ್ಪುವುದು ಕಷ್ಟ, ಬಂಡೆಯ ಮೇಲೆ ಇರುವುದೇ ಒಂದು ದಾರಿ. ಅಲ್ಲಿ ಮ್ಯಾಪಿಗಿಂತ ಎರಡು ಲೀಟರ್ ನೀರು ಮುಖ್ಯ, ಬೆಳಿಗ್ಗೆ ಒಂಬತ್ತರ ಮೇಲೆ ಹತ್ತಬೇಡಿ. ಚನ್ನರಾಯನದುರ್ಗ, ಮಿಡಿಗೇಶಿಯಂಥ ಜನ ಕಡಿಮೆ ಬರುವ ಕೋಟೆಗಳಿಗೆ ಆರ್ಗ್ಯಾನಿಕ್ ಅಥವಾ ಓಸ್ಮ್‌ಆ್ಯಂಡ್ ಇಲ್ಲದೆ ನಾನು ಹೊರಡುವುದಿಲ್ಲ. ಅರಣ್ಯ ಇಲಾಖೆಯ ಚಾರಣ ಹಾದಿಗಳಿಗೆ ಅರಣ್ಯ ವಿಹಾರ ತಾಣದಲ್ಲಿ ಮೊದಲೇ ಬುಕ್ ಮಾಡಬೇಕಾಗುತ್ತದೆ. ಮ್ಯಾಪಿನಲ್ಲಿ ಚುಕ್ಕೆಗೆರೆ ಇದೆ ಎಂದ ಮಾತ್ರಕ್ಕೆ ಒಳಗೆ ಹೋಗಲು ಅಪ್ಪಣೆ ಸಿಕ್ಕಿದೆ ಎಂದಲ್ಲ. ಆ ಕಾಡುಗಳಲ್ಲಿ ಕರಡಿ, ಚಿರತೆ ಇವೆ.

ಇನ್ನು ಯಾವ ಆ್ಯಪಿನಲ್ಲೂ ಹೆಸರಿಲ್ಲದ ಗುಡ್ಡಗಳು. ಅವಕ್ಕೆ ಎರಡು ಮ್ಯಾಪ್, ಒಂದು ಹಾಳೆ, ಕುರಿ ಕಾಯುವವರು ಒಬ್ಬರು.

ಆ ಭಾನುವಾರಕ್ಕೆ ವಾಪಸು ಬರುತ್ತೇನೆ. ಗೇಟಿನಿಂದ ತಿರುಗಿದ ಮೇಲೆ, "ಇರು, ಕಾಲಿನವರ ಮ್ಯಾಪ್ ನೋಡೋಣ" ಎಂದು ಜಂಬದಿಂದ ಓಸ್ಮ್‌ಆ್ಯಂಡ್ ತೆರೆದೆ. ಮಾರಮ್ಮನ ಗುಡಿಯ ಹಿಂದಿನಿಂದ ಚುಕ್ಕೆಗೆರೆಯೊಂದು ಹೊರಟು ಗುಡ್ಡದ ಹೆಗಲಿಗೆ ಏರಿತ್ತು. ಗಾಡಿ ನಿಲ್ಲಿಸಿ ಅದನ್ನೇ ಹಿಡಿದೆವು. ಅರ್ಧ ಗಂಟೆ ಹತ್ತಿದ ಮೇಲೆ ಗೆರೆ ಎಡಕ್ಕೆ ತಿರುಗು ಅಂದಿತು. ಎಡಕ್ಕೆ ಎರಡಾಳೆತ್ತರದ ಬಂಡೆ, ಅದರ ಬುಡಕ್ಕೆ ಲಂಟಾನದ ಪೊದೆ. ಪೊದೆಯೊಳಗೆ ಹತ್ತು ಹೆಜ್ಜೆ ಇಟ್ಟು ಭಾವಮೈದನ ಅಂಗಿ ಹರಿಯಿತು.

ಕೆಳಗಿನಿಂದ ಕುರಿ ಕಾಯುವ ಅಜ್ಜ ಕೂಗಿದರು: "ಅಣ್ಣಾ, ಅತ್ಲಾಗೆ ಯಾಕ್ ಹೋದ್ರಿ? ದಾರಿ ಇತ್ಲಾಗೈತೆ." ಬಲಗಡೆ, ಹುಣಸೆ ಮರದ ಆಚೆ, ಕುರಿಗಳು ಸವೆಸಿದ ದಾರಿ ಮಂಟಪದವರೆಗೂ ಸಲೀಸಾಗಿ ಹೋಗಿತ್ತು.

ಮಂಟಪದಲ್ಲಿ ಕೂತಾಗ ಟವರ್ ಒಂದು ಕಡ್ಡಿ ಸಿಕ್ಕಿತು. "ಈ ಗೆರೆ ಎಳೆದ ಪುಣ್ಯಾತ್ಮ ಯಾರು ಅಂತ ನೋಡ್ಬೋದು ಅಂದ್ರಲ್ಲ, ನೋಡಿ ಭಾವ" ಅಂದ, ಹರಿದ ತೋಳು ಮಡಚುತ್ತಾ. ತೆರೆದು ನೋಡಿದೆ. ಎರಡು ವರ್ಷದ ಹಿಂದಿನ ತಾರೀಖು. ಖಾತೆಯ ಹೆಸರು ನನ್ನದೇ. ಅವತ್ತು ಸಂಜೆ ಮಬ್ಬಿನಲ್ಲಿ ಒಬ್ಬನೇ ಬಂದು, ದಾರಿ ತಪ್ಪಿ, ಬಂಡೆ ಸುತ್ತಿ ಹೇಗೋ ಇಳಿದು, ರೆಕಾರ್ಡ್ ಆದದ್ದನ್ನು ಮನೆಗೆ ಹೋದ ಹುರುಪಿನಲ್ಲಿ ಹಾಗೇ ಹಾಕಿಬಿಟ್ಟಿದ್ದೆ.

ಭಾವಮೈದ ಏನೂ ಅನ್ನಲಿಲ್ಲ, ಪರದೆಯ ಫೋಟೋ ಹೊಡೆದು ಅಕ್ಕನಿಗೆ ಕಳಿಸಿದ. ರಾತ್ರಿ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಆ ಗೆರೆ ಅಳಿಸಿ, ಹುಣಸೆ ಮರದ ಪಕ್ಕದಿಂದ ಕುರಿದಾರಿ ಎಳೆದೆ. ಕೆರೆ ಕೋಡಿಯಿಂದ ತೋಟದ ಗೇಟಿನವರೆಗಿನ ಟ್ರ್ಯಾಕ್ಟರ್ ದಾರಿಗೂ 'ಖಾಸಗಿ' ಎಂದು ಗುರುತು ಹಾಕಿದೆ.